ಎಲ್ಲರಿಗೂ ಒಂದೇ ಮುಖ

"ಅಪ್ಪಾ, ಹರೀಬೇಡಿ! ಅದರ ಕೆಳಗೆ ಇನ್ನೊಂದು ಕಾಮಿಕ್ಸ್ ಉಂಟು!"

ಸಂಪ್ರೀತಾ ಕೂಗಿದ್ದೇ ತಡ, ಅಪ್ಪ ಕೈ ನಿಲ್ಲಿಸಿದರು.

ಡಚ್ಚರ ಊರಾದ ಆಮರ್ಸ್‌ಫೋರ್ಟ್‌ನಲ್ಲಿ ಅವರು ಹೊಸದಾಗಿ ಕೊಂಡದ್ದು ಹಳೇ ಮನೆ. ಅಟ್ಟದ ಕೋಣೆಯ ನೆಲಕ್ಕೆ ಹಾಸಿದ್ದ ಸವೆದ ಶೀಟನ್ನು ಅಪ್ಪ ಕೀಳುತ್ತಿದ್ದರು. ಅದರ ಅಡಿಯಲ್ಲಿ ಯಾರೋ ಯಾವ ಕಾಲದಲ್ಲೋ ಡಚ್ ಪೇಪರ್ ಹಾಸಿದ್ದರು. ಒಂದೊಂದು ಪೇಪರಿನಲ್ಲೂ ಒಂದೊಂದು ತುಂಡು ಚಿತ್ರಕತೆ. ಒಬ್ಬ ಕ್ಯಾಪ್ಟನ್, ಅವನ ನಾಯಿ, ಅವನ ಹಡಗು.

ಈಗ ಹಡಗು ಒಂದು ದ್ವೀಪಕ್ಕೆ ಬಂದಿತ್ತು. ಅಲ್ಲಿ ಯಾರೋ ಕ್ಯಾಪ್ಟನ್‌ನ ವಾಚ್ ಕದ್ದಿದ್ದರು. ಯಾರು? ಸಂಪ್ರೀತಾ ಪೇಪರಿಗೆ ಮೂಗು ತಾಗಿಸಿ ಹುಡುಕಿದಳು.

ಗೊತ್ತಾಗಲಿಲ್ಲ. ದ್ವೀಪದವರೆಲ್ಲ ಮಸಿಯಂತೆ ಕಪ್ಪು. ಎಲ್ಲರಿಗೂ ಬನ್ನಿನಂಥ ತುಟಿ, ಗುಂಡು ಗುಂಡು ಕಣ್ಣು. ರಾಜನೂ ಹಾಗೇ, ಅಡುಗೆಯವನೂ ಹಾಗೇ. ಅಡುಗೆಯವನು ಪಾತ್ರೆಯೊಳಗೆ ಬಿದ್ದದ್ದನ್ನು ನೋಡಿ ಅವಳಿಗೆ ನಗು ಬಂತು.

ಅಷ್ಟರಲ್ಲಿ ಕೆಳಗೆ ಬೆಲ್ ಆಯಿತು. ಮೆಟ್ಟಿಲು ದಡದಡ ಹತ್ತಿಕೊಂಡು ರಿಶೆಲ್ ಬಂದಳು. ಕ್ಲಾಸಿನಲ್ಲಿ ಸಂಪ್ರೀತಾಳ ಪಕ್ಕ ಕೂರುವವಳು ಅವಳೇ. ರಿಶೆಲ್‌ಳ ಅಜ್ಜಿ ಸಮುದ್ರದಾಚೆಯ ಸುರಿನಾಮ್ ದೇಶದಿಂದ ಬಂದವರು. ಅಜ್ಜಿಯದೇ ಕಪ್ಪು ಬಣ್ಣ, ಅಜ್ಜಿಯದೇ ಗುಂಗುರು ಕೂದಲು ಅವಳಿಗೂ.

ಸಂಪ್ರೀತಾ ಥಟ್ಟನೆ ಪೇಪರಿನ ಮೇಲೆ ಕುಳಿತುಬಿಟ್ಟಳು.

"ಏನದು? ತೋರ್ಸು!" ರಿಶೆಲ್ ಡಚ್‌ನಲ್ಲಿ ಕೇಳಿದಳು.

"ಏನಿಲ್ಲ. ಹಳೇ ಪೇಪರ್."

ರಿಶೆಲ್ ಎಳೆದೇಬಿಟ್ಟಳು. ಓದುತ್ತಾ ಓದುತ್ತಾ ಅವಳ ಮುಖ ಸಪ್ಪಗಾಯಿತು. ಬೆರಳು ತಾನಾಗಿ ತುಟಿಯ ಹತ್ತಿರ ಹೋಯಿತು.

"ಇದು ನಮ್ಮಂಥೋರನ್ನ ಬರೆದಿರೋದಾ?"

ಸಂಪ್ರೀತಾಳ ಕಿವಿ ಬಿಸಿಯಾಯಿತು. "ವಾಚ್ ಕದ್ದಿದ್ದು ಯಾರು ಅಂತಾನೇ ಗೊತ್ತಾಗ್ತಿಲ್ಲ. ಎಲ್ಲರೂ ಒಂದೇ ಥರ ಇದ್ದಾರೆ," ಎಂದಷ್ಟೇ ಹೇಳಿದಳು.

ರಿಶೆಲ್ ಇನ್ನೊಂದು ಪೇಪರ್ ಎತ್ತಿಕೊಂಡಳು. ಅದರಲ್ಲಿ ಹಡಗು ಇಂಡಿಯಾಕ್ಕೆ ಬಂದಿತ್ತು. ಅಲ್ಲಿ ಎಲ್ಲರಿಗೂ ಮುಂಡಾಸು, ಎಲ್ಲರಿಗೂ ಗಿಣಿಮೂಗು, ಎಲ್ಲರ ಮುಂದೆಯೂ ಬುಟ್ಟಿಯಲ್ಲೊಂದು ಹಾವು.

ಅವಳು ಚಿತ್ರ ನೋಡಿದಳು. ಆಮೇಲೆ ತಲೆಗೆ ಉಲ್ಟಾ ಕ್ಯಾಪ್ ಹಾಕಿಕೊಂಡು ಬೆವರುತ್ತಿದ್ದ ಅಪ್ಪನನ್ನು ನೋಡಿದಳು.

"ಅಂಕಲ್, ನಿಮ್ಮ ಹಾವೆಲ್ಲಿ?"

ಅಪ್ಪ ಬಗ್ಗಿ ಪೇಪರ್ ನೋಡಿದರು. "ಆಫೀಸಿಗೆ ಕಳಿಸಿದ್ದೇನೆ. ಇವತ್ತು ನನಗೆ ರಜೆ," ಎಂದು ಡಚ್‌ನಲ್ಲೇ ಹೇಳಿದರು.

ಸಂಪ್ರೀತಾ ನಕ್ಕಳು. ರಿಶೆಲ್ ಅರ್ಧ ಮಾತ್ರ ನಕ್ಕಳು.

"ಅಪ್ಪಾ, ಈ ಚಿತ್ರ ಬರೆದವರು ಆ ದ್ವೀಪದವರನ್ನ ನೋಡಿದ್ದಾರಾ? ಇಂಡಿಯಾದವರನ್ನ?"

"ಗೊತ್ತಿಲ್ಲ ಮಗಾ. ನಾಯಿಯನ್ನಂತೂ ಸರೀ ನೋಡಿದ್ದಾರೆ."

ಹೌದಲ್ಲ! ನಾಯಿಯ ಎಡಗಿವಿ ಸ್ವಲ್ಪ ಹರಿದಿತ್ತು. ಎಲ್ಲ ಚಿತ್ರದಲ್ಲೂ ಅದೇ ಕಿವಿಯೇ ಹರಿದಿತ್ತು.

ರಿಶೆಲ್ ಪೇಪರನ್ನು ದೂರ ತಳ್ಳಿದಳು. "ನೀನು ನನ್ನ ಚಿತ್ರ ಬರಿ."

ಗೋಡೆಯಿಂದ ಕಿತ್ತಿದ್ದ ವಾಲ್‌ಪೇಪರಿನ ಬೆನ್ನ ಮೇಲೆ ಸಂಪ್ರೀತಾ ಸರಸರ ಬರೆದಳು. ಒಂದು ದುಂಡು ಮುಖ, ಎರಡು ಕಣ್ಣು, ಸುರುಳಿ ಸುರುಳಿ ಕೂದಲು.

ರಿಶೆಲ್ ತಲೆ ವಾಲಿಸಿ ನೋಡಿದಳು. "ಇದು ಯಾರಾದ್ರೂ ಆಗ್ಬಹುದು."

ಸಂಪ್ರೀತಾಳಿಗೆ ಸಿಟ್ಟು ಬಂತು. ಆಮೇಲೆ ತಾನು ಬರೆದದ್ದನ್ನೇ ಇನ್ನೊಮ್ಮೆ ನೋಡಿದಳು. ಸಿಟ್ಟು ಹೋಯಿತು. ಬೇರೆ ಕಾಗದ ತಗೊಂಡಳು. ಪೆನ್ಸಿಲ್ ಮಾತ್ರ ಕಾಗದಕ್ಕೆ ತಾಗಿಸಲಿಲ್ಲ.

ರಿಶೆಲ್‌ಳ ಒಂದು ಹುಬ್ಬು ಇನ್ನೊಂದಕ್ಕಿಂತ ಸ್ವಲ್ಪ ಮೇಲಿತ್ತು. ಕಿವಿಯ ಕೆಳಗೊಂದು ಪುಟ್ಟ ಮಚ್ಚೆ. ನಗು ತಡೆದುಕೊಂಡಾಗ ಒಂದೇ ಕೆನ್ನೆಯಲ್ಲಿ ಗುಳಿ. ದಿನಾ ಪಕ್ಕದಲ್ಲೇ ಕೂತಿದ್ದರೂ ಇದೆಲ್ಲ ಎಲ್ಲಿತ್ತು?

"ಆಯ್ತಾ?" ರಿಶೆಲ್ ಕೇಳಿದಳು.

"ಅಲ್ಲಾಡ್ಬೇಡ," ಎಂದಳು ಸಂಪ್ರೀತಾ. "ಇನ್ನೂ ನೋಡ್ತಾ ಇದ್ದೀನಿ."