ಹನ್ನೆರಡು ಕಪ್ಪು ಸೀಸೆ

ಶುಕ್ರವಾರ ಬೆಳಿಗ್ಗೆ 10.15ಕ್ಕೆ ಸಂಶೋಧನಾಲಯದ ನಿರ್ದೇಶಕರು ಠಾಣೆಗೆ ಬಂದು ದೂರು ಕೊಟ್ಟರು. ಫ್ರಿಜ್ಜಿನಲ್ಲಿದ್ದ ಹನ್ನೆರಡು ಸೀಸೆ ಕಪ್ಪು ದ್ರಾವಣ ಕಳುವಾಗಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಕಾರ್ಬನ್ ನಳಿಕೆಗಳ ದ್ರಾವಣ. ರೋಗ ಗುಣಪಡಿಸುವ ಜೀವಕೋಶಗಳಿಗೆ ಅದನ್ನು ಉಣಿಸಿ ರೋಗಿಗೆ ಚುಚ್ಚಿದರೆ, ಎಂ.ಆರ್.ಐ. ಚಿತ್ರದಲ್ಲಿ ಆ ಕೋಶಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವಂತೆ. ಇನ್ಸ್‌ಪೆಕ್ಟರಿಗೆ ಅರ್ಧ ಮಾತ್ರ ತಲೆಗೆ ಹತ್ತಿತು. ಎಫ್‌ಐಆರ್‌ಗೆ ಅಷ್ಟು ಸಾಕಿತ್ತು.

"ಸೋಮವಾರ ಮೊದಲ ರೋಗಿಗೆ ಚುಚ್ಚಬೇಕು. ಅಷ್ಟರೊಳಗೆ ಹುಡುಕಿಕೊಡಿ," ಎಂದರು ನಿರ್ದೇಶಕರು, ಅಂಗಡಿಯಲ್ಲಿ ಸಾಮಾನು ಹೇಳುವವರ ಹಾಗೆ.

11.30, ಸಂಶೋಧನಾಲಯ. ಬೀಗ ಮುರಿದಿರಲಿಲ್ಲ. ಪೇದೆ ಪಂಚನಾಮೆ ಬರೆಯುತ್ತಿದ್ದಾಗ ಇನ್ಸ್‌ಪೆಕ್ಟರ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಹಾಳೆ ನೋಡಿದರು. ಬಾಗಿಲು ತೆರೆದವರು ವೇಳೆ, ಒಳಗಿನ ಉಷ್ಣತೆ ಬರೆದು ಸಹಿ ಹಾಕಬೇಕಿತ್ತು. ಕೊನೆಯ ಸಾಲು: ಗುರುವಾರ ಸಂಜೆ 6.20, 4 ಡಿಗ್ರಿ. ಸಹಿ ಇಲ್ಲ. ನಾಲ್ಕು ಅಂಕಿಯ ಕಾಲಿಗೆ ಮಾತ್ರ ಪುಟ್ಟ ಕೊಕ್ಕೆ. ಅಂಥದೇ ಕೊಕ್ಕೆಯ ನಾಲ್ಕು ಹಾಳೆಯುದ್ದಕ್ಕೂ ಒಬ್ಬರ ಸಹಿಯ ಪಕ್ಕದಲ್ಲಿ ಮಾತ್ರ ಇತ್ತು: ಪ್ರಯೋಗದ ಇಲಿಗಳನ್ನು ನೋಡಿಕೊಳ್ಳುವ ಹಿರಿಯ ತಂತ್ರಜ್ಞೆ, ಎಲ್ಲರ ಬಾಯಲ್ಲಿ ಇಲಿಯಕ್ಕ.

"ನಿನ್ನೆ ಆರೂ ಇಪ್ಪತ್ತಕ್ಕೆ ಎಲ್ಲಿದ್ರಿ?" ಇನ್ಸ್‌ಪೆಕ್ಟರ್ ಆಕೆಯನ್ನು ಕರೆಸಿ ಕೇಳಿದರು.

"ಫ್ರಿಜ್ಜಿನ ಮುಂದೆ."

ಇನ್ಸ್‌ಪೆಕ್ಟರಿಗೆ ಮುಂದಿನ ಪ್ರಶ್ನೆ ಮರೆತೇಹೋಯಿತು. "ಕದಿಯೋಕೆ ಬಂದವರು ಬರೆದಿದ್ಯಾಕೆ?"

"ಇಪ್ಪತ್ತು ವರ್ಷದ ಅಭ್ಯಾಸ. ಸಹಿ ಹೇಗೋ ತಡ್ಕೊಂಡೆ. ಡಿಗ್ರಿ ಬರೀದೆ ಬಾಗಿಲು ಹಾಕೋಕೆ ಕೈ ಬರ್ಲಿಲ್ಲ."

"ತಗೊಂಡಿದ್ಯಾಕೆ?"

"ಕೋಶ ಸತ್ತರೂ ನಳಿಕೆ ಅಲ್ಲೇ ಉಳಿಯುತ್ತೆ ಸಾರ್. ಚುಕ್ಕೆ ಹಾಗೇ ಕಾಣುತ್ತೆ. ಹನ್ನೊಂದು ಇಲಿ ಕುಯ್ದು ನೋಡಿದೀನಿ, ಒಳಗೆ ಬರೀ ಸತ್ತ ಕೋಶ. ಸೋಮವಾರದಿಂದ ಇವರು ಚುಕ್ಕೆ ತೋರಿಸಿ, ಕೋಶ ಬದುಕಿದೆ, ಗುಣ ಆಗ್ತಿದೆ, ಬೇರೆ ಔಷಧ ಬಿಡಿ ಅಂತ ರೋಗಿಗೆ ಹೇಳ್ತಾರೆ."

"ಮೇಲಿನವರಿಗೆ ಹೇಳಬಹುದಿತ್ತು."

"ಮೂರು ಸಲ ಬರೆದುಕೊಟ್ಟೆ. ನೀನು ಇಲಿ ನೋಡ್ಕೊ ಅಂದ್ರು. ನೋಡ್ಕೊಂಡೆ. ಅದಕ್ಕೇ ಗೊತ್ತಾಗಿದ್ದು."

3.10. ಆಕೆಯ ಮನೆಯ ಫ್ರಿಜ್ಜಿನಲ್ಲಿ ಬಿಗಿಯಾಗಿ ಮುಚ್ಚಿದ ಡಬ್ಬದೊಳಗೆ ಹನ್ನೆರಡೂ ಸೀಸೆ ಸಿಕ್ಕವು, ಜೊತೆಗೆ ಮೂರು ವರದಿಗಳ ಪ್ರತಿ. ಬಾಗಿಲ ಮೇಲೆ ಅಲ್ಲೂ ಒಂದು ಹಾಳೆ.

"ಚೆಲ್ಲಿಬಿಡಬಹುದಿತ್ತಲ್ಲ?"

"ಚೆಲ್ಲಿದ್ರೆ ನೀವು ಪರೀಕ್ಷೆಗೆ ಏನು ಕಳಿಸ್ತಿದ್ರಿ?"

ನಿರ್ದೇಶಕರು ಠಾಣೆಗೆ ಓಡಿಬಂದರು. "ಸಿಕ್ತಲ್ಲ, ಕೊಡಿ."

"ಜಪ್ತಿ ಆಗಿದೆ. ಇನ್ನು ನ್ಯಾಯಾಲಯದ ಅಪ್ಪಣೆ ಬೇಕು," ಎಂದರು ಇನ್ಸ್‌ಪೆಕ್ಟರ್. ಹೀಗೆ ಹೇಳಲು ಅವರಿಗೆ ಖುಷಿಯೇ ಆಯಿತು.

"ಸೋಮವಾರ?"

"ಯಾವ ಸೋಮವಾರ ಅಂತ ನ್ಯಾಯಾಧೀಶರು ಹೇಳ್ತಾರೆ."

ಬೆಂಚಿನ ಮೇಲಿದ್ದ ಇಲಿಯಕ್ಕ ಎದ್ದು ನಿಂತರು. "ಹಾಗಾದ್ರೆ ಪೆನ್ನು ಕೊಡಿ."

ಸಂಜೆ 5.05ಕ್ಕೆ ಬಂಧನ ಪತ್ರಕ್ಕೆ ಈ ಸಲ ಪೂರ್ತಿ ಸಹಿ ಹಾಕಿದರು. ಕೃತ್ಯಕ್ಕೆ ಕಾರಣ ಎಂಬಲ್ಲಿ ಇನ್ಸ್‌ಪೆಕ್ಟರ್ 'ಮೂರು ವರದಿಗಳಿಗೆ ಉತ್ತರ ಬರಲಿಲ್ಲ' ಎಂದು ಬರೆದು, ಮೂರನ್ನೂ ಕಡತಕ್ಕೆ ಲಗತ್ತಿಸಿದರು. ಇನ್ನು ಅವನ್ನು ಯಾರಾದರೂ ಓದಲೇಬೇಕಿತ್ತು.