ಇದ್ದಲಗುಂಡಿಯ ಸುಳ್ಳು

"ಛೀ! ಏನಿದು ಅಸಹ್ಯ..."

ತುಂಗಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದಳು. ಹಿಂದಿಟ್ಟ ಕಾಲು ನೇರವಾಗಿ ಸಗಣಿಯ ಮೇಲೆಯೇ ಬಿತ್ತು. ಹೊಸ ಚಪ್ಪಲಿ ಪಚಕ್ಕೆಂದಿತು.

ಎದುರಿನ ಕೊಟ್ಟಿಗೆಯಲ್ಲಿ ಒಬ್ಬ ಗಂಡಸು ಬೆನ್ನು ತಿರುಗಿಸಿ ನಿಂತಿದ್ದ. ಬರಿಮೈ, ಮಂಡಿಗೆ ಎತ್ತಿ ಕಟ್ಟಿದ ಲುಂಗಿ, ಕಂಕುಳಲ್ಲಿ ಒಂದು ಕರು. ಕರು ಅಂದರೆ ಕರುವಲ್ಲ! ಸತ್ತ ಕರುವಿನ ತೊಗಲಿಗೆ ಹುಲ್ಲು ತುರುಕಿ ಹೊಲಿದದ್ದು. ಕಣ್ಣಿದ್ದ ಜಾಗದಲ್ಲಿ ತೂತು, ಕಾಲಿದ್ದ ಜಾಗದಲ್ಲಿ ಕೋಲು, ಮೈತುಂಬ ನೊಣ. ಅದನ್ನವನು ಹಸುವಿನ ಮೂತಿಯ ಮುಂದೆ ಹಿಡಿದ. ಪಾಪ, ಹಸು ತನ್ನ ಕರುವೆಂದೇ ನೆಕ್ಕತೊಡಗಿತು. ಕೆಳಗೆ ಕೂತಿದ್ದ ಹೆಂಗಸು ಚೊರ್ ಚೊರ್ ಎಂದು ಹಾಲು ಕರೆಯತೊಡಗಿದಳು.

ತುಂಗಾ ಮುಖ ಕಿವುಚಿದಳು. 'ಥೂ! ಹೆತ್ತ ತಾಯಿಗೇ ಮೋಸ... ಇವರೂ ಮನುಷ್ಯರಾ?'

ಅಷ್ಟರಲ್ಲಿ ಆ ಗಂಡಸು ತಿರುಗಿದ.

ಮುನಿರಾಜು!

ಇಬ್ಬರೂ ಕಲ್ಲಾದರು. ತುಂಗಾಳಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ.

ರಾಜಾಜಿನಗರದ ಪಂಪು ಫ್ಯಾಕ್ಟರಿಯಲ್ಲಿ ಅವಳು ಟೈಪಿಸ್ಟ್, ಅವನು ನಕ್ಷೆ ಬರೆಯುವವನು. ಗರಿಗರಿ ಇಸ್ತ್ರಿಯ ಬಿಳಿ ಷರಟು, ಹತ್ತಿರ ಬಂದರೆ ಪೌಡರಿನ ಘಮ. ಊರು ಕೆಂಗೇರಿಯಿಂದಾಚೆ, ಆದರೆ ಇರುವುದು ವಿಜಯನಗರದ ಬಾಡಿಗೆ ರೂಮಿನಲ್ಲಿ. ಹಾಗಂತ ಅವಳು ಸೋತದ್ದು ಷರಟಿಗೂ ಅಲ್ಲ, ಪೌಡರಿಗೂ ಅಲ್ಲ. ಅವಳೇನು ಅಷ್ಟು ಹಗುರದ ಹುಡುಗಿಯಲ್ಲ ಬಿಡಿ!

ಒಂದು ಮಧ್ಯಾಹ್ನ ಅವಳು ಸುಮ್ಮನೆ ಕೇಳಿದ್ದಳು. "ದಿನಾ ಹೋಟ್ಲೂಟಾನಾ? ಮನೆಯಿಂದ ಡಬ್ಬಿ ತರಲ್ವಾ?"

ಅವನು ತಲೆ ತಗ್ಗಿಸಿ ಹೇಳಿದ್ದ. "ಕಟ್ಟಿಕೊಡೋರು ಯಾರಿದಾರೆ? ಅಮ್ಮ ತೀರ್ಕೊಂಡು ಬಹಳ ವರ್ಷ ಆಯ್ತು."

ಸಾಕು, ತುಂಗಾಳ ಕರುಳು ಕಿವುಚಿತು. ಅವಳಿಗೆ ಏಳು ವರ್ಷವಿದ್ದಾಗ ಅವಳಮ್ಮ ಹೋಗಿದ್ದಳು. ತಬ್ಬಲಿಯ ಸಂಕಟ ತಬ್ಬಲಿಗೆ ತಾನೆ ಗೊತ್ತು! ಮಾರನೆಯ ದಿನದಿಂದ ಅವಳ ಡಬ್ಬಿಯಲ್ಲಿ ಅವನಿಗೂ ಪಾಲು. ಆ ವರ್ಷದ ಮಹಾಲಯ ಅಮಾವಾಸ್ಯೆಗೆ ತನ್ನಮ್ಮನಿಗೆ ಎಡೆಯಿಟ್ಟಾಗ, ಪಕ್ಕದಲ್ಲಿ ಇನ್ನೊಂದು ಬಾಳೆಲೆ ಹಾಕಿ, ಕಂಡರಿಯದ ಅವನಮ್ಮನಿಗೂ ಎಡೆಯಿಟ್ಟಿದ್ದಳು. ಅದನ್ನು ಕೇಳಿ ಅವನ ಕಣ್ಣಲ್ಲಿ ನೀರು ಬಂದಿತ್ತು. 'ಇವನೇ ನನ್ನವನು' ಎಂದು ಅವಳು ಅವತ್ತೇ ತೀರ್ಮಾನಿಸಿದ್ದಳು.

ಈಗ ಅವನು ವಾರದಿಂದ ಕೆಲಸಕ್ಕೆ ಬಂದಿರಲಿಲ್ಲ. ಮನೆಯಲ್ಲಿ ಅಪ್ಪ ಚಿಕ್ಕಹನುಮಯ್ಯ ಮದುವೆಗೆ ಪಟ್ಟು ಹಿಡಿದಿದ್ದರು. ಬರುವ ಭಾನುವಾರ ನಂದಿನಿ ಲೇಔಟಿನ ಕಡೆಯ ಗಂಡು ಅವಳನ್ನು ನೋಡಲು ಬರುವವನಿದ್ದ. 'ಜ್ವರವೋ ಏನೋ, ಒಂದು ಲೋಟ ಗಂಜಿ ಕೊಡುವವರಿಲ್ಲ...' ಎಂದು ಕೊರಗಿ, ಅವನ ರೂಮಿಗೆ ಬೀಗ ಬಿದ್ದದ್ದು ಕಂಡು, ಹಾಜರಿ ನೋಡುವ ಟೈಮ್ ಆಫೀಸಿನಲ್ಲಿ ಊರಿನ ಹೆಸರು ಕೇಳಿಕೊಂಡು, ಅಪ್ಪನಿಗೆ ಗೆಳತಿಯ ಮನೆಗೆಂದು ಹೇಳಿ, ಕೆಂಗೇರಿ ಬಸ್ಸು ಹತ್ತಿದ್ದಳು.

ಊರು ಅಂದರೆ ಇದ್ದಲಗುಂಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲ್ ಇಲ್ಲದೆ ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವಲ್ಲ, ಆಗ ಹಗಲೂ ರಾತ್ರಿ ಇದ್ದಿಲು ಸುಟ್ಟ ಊರು. ಯುದ್ಧ ಮುಗಿಯಿತು, ಕಾಡೂ ಮುಗಿಯಿತು. ಜನ ಹಸು ಎಮ್ಮೆ ಕಟ್ಟಿ ಪೇಟೆಗೆ ಹಾಲು ಹಾಕತೊಡಗಿದರು. ಇದ್ದಿಲ ಗುಂಡಿಗಳೆಲ್ಲ ತಿಪ್ಪೆಗುಂಡಿಗಳಾದವು. ಮೂವತ್ತು ವರ್ಷದ ಕರಿಪುಡಿಗೆ ಗಂಜಲ ಬೆರೆತು ದಾರಿಯೆಲ್ಲ ಕಪ್ಪು ಕೊಚ್ಚೆ. ಗೋಡೆ ಕಪ್ಪು, ಕೋಳಿ ಕಪ್ಪು, ಬಾವಿಕಟ್ಟೆಯೂ ಕಪ್ಪು. ಗಬ್ಬು ನಾತಕ್ಕೆ ತುಂಗಾ ಬಸ್ಸಿಳಿದಾಗಿನಿಂದ ಬಾಯಿಯಲ್ಲೇ ಉಸಿರಾಡುತ್ತಿದ್ದಳು.

ಹಾಲು ಕರೆಯುತ್ತಿದ್ದವಳು ಚೊಂಬು ಹಿಡಿದು ಎದ್ದು ಬಂದಳು.

"ರಾಜಾ, ಯಾರ್ಲಾ ಇದು? ನಿಂತೇ ಅವ್ಳಲ್ಲ ಮಗ, ಕುಂತ್ಕೊ ಅನ್ನಬಾರ್ದಾ?"

ಮುನಿರಾಜು ಹುಲ್ಲಿನ ಕರುವನ್ನು ಬೆನ್ನ ಹಿಂದೆ ಮರೆಮಾಡಿದ. "ಇವರು... ನಮ್ ಆಫೀಸ್ನೋರು, ಅವ್ವಾ."

ಅವ್ವಾ!

ತುಂಗಾ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಆ ಹೆಂಗಸನ್ನು. ಅದೇ ಮೂಗು, ಅದೇ ಗದ್ದ. ಕೇಳುವುದೇ ಬೇಡ.

'ಬದುಕಿದಾರೆ... ಗುಂಡುಕಲ್ಲಿನ ಹಾಗೆ ಬದುಕಿದಾರೆ!'

ಅವನ ತಾಯಿ ಪಟಾಲಮ್ಮನ ಸಂಭ್ರಮಕ್ಕೆ ಮಿತಿಯೇ ಇರಲಿಲ್ಲ. ಸೆರಗಿನಿಂದಲೇ ಲೋಟ ಒರೆಸಿ ನೊರೆಹಾಲು ಸುರಿದು ಕೊಟ್ಟಳು. ಬೆರಳ ಸಂದಿಯಲ್ಲಿ ಸಗಣಿ, ಮೊಣಕೈವರೆಗೂ ಹಳೆಯ ಸುಟ್ಟ ಕಲೆ. ಲೋಟದ ಅಂಚಿನಲ್ಲಿ ಒಂದು ನೊಣ ಕೂತಿತ್ತು. ತುಂಗಾ ಬಾಯಿಗೆ ಕೈ ಅಡ್ಡ ಹಿಡಿದು, ವಾಕರಿಕೆ ನುಂಗಿ, ಲೋಟವನ್ನು ಜಗಲಿಯ ಮೇಲಿಟ್ಟಳು.

"ಬ್ಯಾಡ್ವಾ? ಹೋಗ್ಲಿ ಬುಡು, ಪ್ಯಾಟೆ ಮಕ್ಕಳಿಗೆ ಹಸಿಹಾಲು ಒಗ್ಗಾಕಿಲ್ಲ. ಕರು ಸತ್ತು ಹಸ ಹಾಲು ಬುಡ್ತಿಲ್ಲ ಅಂತ ವಾರದಿಂದ ರಾಜ ಇಲ್ಲೇ ಅವ್ನೆ," ಎಂದು ಪಟಾಲಮ್ಮ ಪಕ್ಕದಲ್ಲೇ ಕುಕ್ಕರಿಸಿದಳು. ಆಮೇಲೆ ದನಿ ತಗ್ಗಿಸಿ, ನಾಚಿಕೊಂಡು ಕೇಳಿದಳು. "ಏನವ್ವಾ... ನಮ್ ರಾಜ ಅಲ್ಲಿ ನನ್ ಸುದ್ದಿ ಮಾತಾಡ್ತಾನಾ?"

ಮುನಿರಾಜು ಕಂಬ ಹಿಡಿದುಕೊಂಡ.

ತುಂಗಾ ಅವನ ಕಡೆ ನೋಡಿದಳು. ಹೇಳಿಬಿಡಲಾ? ನಿಮ್ಮನ್ನು ಸಾಯಿಸಿಬಿಟ್ಟಿದ್ದಾನೆ ಎನ್ನಲಾ? ಆ ಮುಖದಲ್ಲಿದ್ದ ಆಸೆಯನ್ನು ನೋಡಿ ಅವಳಿಗೆ ಅಳು ಒತ್ತರಿಸಿ ಬಂತು.

"ಮಾತಾಡ್ತಾರಮ್ಮಾ," ಎಂದಳು. "ದಿನಾ ಮಾತಾಡ್ತಾರೆ."

ಅಷ್ಟು ಹೇಳಿ ದಡಬಡನೆ ಎದ್ದು ಹೊರಟಳು.

ಬಸ್ಸಿನ ರಸ್ತೆಯವರೆಗೂ ಅವನು ಓಡಿ ಬಂದ. ಅಂಗಿಯ ಗುಂಡಿ ಒಂದಕ್ಕೊಂದು ತಾಳೆಯಿರಲಿಲ್ಲ.

"ತುಂಗಾ, ನಿಲ್ಲಿ... ನನಗೆ ಗೊತ್ತಿತ್ತು. ಈ ಸಗಣಿ, ಈ ನೊಣ, ನಮ್ಮ ಕರೀ ಮನೆ ನೋಡಿದ್ರೆ ನಿಮಗೆ ಹೇಸಿಗೆ ಆಗತ್ತೆ ಅಂತ. ಅದಕ್ಕೇ ಕರ್ಕೊಂಡು ಬರ್ಲಿಲ್ಲ."

"ಹೇಸಿಗೆ ಆಯ್ತು! ವಾಂತಿ ಬರೋಷ್ಟು ಆಯ್ತು, ಇಲ್ಲ ಅನ್ನಲ್ಲ," ತುಂಗಾ ಸಿಡಿದಳು. "ಆದ್ರೆ ಅದು ಒಂದು ಬಿಂದಿಗೆ ನೀರಲ್ಲಿ ಹೋಗತ್ತೆ. ನಿಮ್ಮನ್ನ ಏನು ಹಾಕಿ ತೊಳೀಲಿ ನಾನು?"

"ಕೆಲಸಕ್ಕೆ ಸೇರಿದ ಹೊಸದರಲ್ಲಿ ಊರಿಂದಾನೇ ಬರ್ತಿದ್ದೆ, ನೀವಿನ್ನೂ ಸೇರಿರ್ಲಿಲ್ಲ. ಅವ್ವ ಕಟ್ಟಿದ ಡಬ್ಬಿ ಮೂಸಿ, ಎಮ್ಮೆ ನಾತ ಅಂತ ಎಲ್ಲಾ ನಕ್ರು. ಅವತ್ತೇ ಡಬ್ಬಿ ಬಿಟ್ಟೆ. ಆಮೇಲೆ ನೀವು ಕೇಳಿದ್ರಲ್ಲ... ಬಾಯಿಗೆ ಬಂದುಬಿಡ್ತು. ನೀವು ಅಷ್ಟು ಮರುಗಿದ ಮೇಲೆ ಸುಳ್ಳು ಅಂತ ಹೇಳೋಕೆ ಧೈರ್ಯ ಸಾಲ್ಲಿಲ್ಲ."

"ಬದುಕಿರೋರಿಗೆ ನನ್ನ ಕೈಲಿ ಎಡೆ ಇಡಿಸಿದ್ರಲ್ರೀ! ನಮ್ಮಮ್ಮನ ಪಕ್ಕದಲ್ಲಿ! ಒಂದು ಗಳಿಗೆ ಅಮ್ಮ ಎದ್ದು ಬಂದ್ರೆ ಸಾಕು ಅಂತ ನಾನು ಇಪ್ಪತ್ತು ವರ್ಷದಿಂದ ಹಂಬಲಿಸ್ತಾ ಇದೀನಿ. ನೀವು ಇರೋ ಅಮ್ಮನ್ನ ಮಣ್ಣು ಮಾಡಿದ್ರಿ. ಥೂ... ನಿಮ್ಮ ಮುಖ ನೋಡೋಕೂ ಅಸಹ್ಯ ಆಗತ್ತೆ!"

ಬಸ್ಸು ಬಂತು. ಅವಳು ತಿರುಗಿ ನೋಡಲಿಲ್ಲ.

ಮನೆಗೆ ಬಂದು ಚಪ್ಪಲಿ ತೊಳೆದಳು, ಸೀರೆ ನೆನೆಹಾಕಿದಳು, ತಲೆಗೆ ಸ್ನಾನ ಮಾಡಿದಳು. ಏನು ಮಾಡಿದರೂ ಅಸಹ್ಯ ಹೋಗಲೊಲ್ಲದು. ಊಟಕ್ಕೆ ಕೂತರೆ ಆ ಬಾಳೆಲೆಯೇ ಕಣ್ಣ ಮುಂದೆ. ತಾನೂ ಆ ತಾಯಿಗೆ ಸುಳ್ಳು ಹೇಳಿ ಬಂದೆನಲ್ಲ ಎಂದು ತನ್ನ ಮೇಲೂ ಅಸಹ್ಯ. "ನಂದಿನಿ ಲೇಔಟಿನವರು ಬರಲಿ ಅಪ್ಪಾ," ಎಂದುಬಿಟ್ಟಳು. ಅವನು ಕೆಲಸಕ್ಕೆ ಬಂದ. ಅವಳು ಮಾತಾಡಿಸಲಿಲ್ಲ. ಆದರೂ ಹಾಳು ಮನಸ್ಸು... ಮಧ್ಯಾಹ್ನ ಡಬ್ಬಿ ತೆರೆದಾಗಲೆಲ್ಲ ಅಳುತ್ತಿತ್ತು.

ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ಚಿಕ್ಕಹನುಮಯ್ಯ ತೆರೆದರೆ, ಹೊಸಿಲಾಚೆ ಮುನಿರಾಜು, ಅವನ ಮುಂದೆ ಪಟಾಲಮ್ಮ.

"ಯಾರಪ್ಪಾ ನೀವು?"

"ನಾನು ಮುನಿರಾಜು ಅಂತ ಸಾರ್, ನಿಮ್ಮ ಮಗಳ ಆಫೀಸು. ನಮ್ಮ ತಾಯಿ ಸತ್ತೋಗಿದಾರೆ ಅಂತ ಅವರಿಗೆ ಸುಳ್ಳು ಹೇಳಿದ್ದೆ. ಇವರೇ ನಮ್ಮವ್ವ. ಆಫೀಸಲ್ಲೂ ಎಲ್ಲರ ಮುಂದೆ ನಿಜ ಹೇಳಿದೀನಿ."

ಅಡುಗೆಮನೆಯ ಬಾಗಿಲಿಗೆ ತುಂಗಾ ಬಂದು ನಿಂತಳು.

ಪಟಾಲಮ್ಮ ಯಾರೂ ಕರೆಯುವ ಮೊದಲೇ ಒಳಗೆ ಬಂದು ನೆಲದ ಮೇಲೆ ಕೂತಳು. "ಎಲ್ಲಾ ಒಪ್ಪಿಸ್ಬುಟ್ಟ ಸ್ವಾಮಿ. ಪೊರಕೆ ತಕ್ಕೊಂಡು ಬಾರಿಸ್ದೆ. ಆಮ್ಯಾಕೆ ಕೂತ್ಕೊಂಡು ಅತ್ತೆ. ಹೊಟ್ಟೆ ಬಟ್ಟೆ ಕಟ್ಟಿ ಓದಿಸಿದ ಮಗ, ನನ್ನ ಸತ್ತೋಳು ಅಂದ್ನಲ್ಲ ಅಂತ." ತುಂಗಾಳ ಕಡೆ ತಿರುಗಿ ಕಣ್ಣೊರೆಸಿಕೊಂಡಳು. "ನಂಗೂ ಎಡೆ ಇಕ್ಕಿದ್ಯಂತೆ? ಹೋಗ್ಲಿ, ಒಬ್ಬಟ್ಟಾದ್ರೂ ಮಾಡಿದ್ಯಾ?"

ಅಳಬೇಕೋ ನಗಬೇಕೋ ತಿಳಿಯದೆ ತುಂಗಾ ತಲೆಯಾಡಿಸಿದಳು.

ಚಿಕ್ಕಹನುಮಯ್ಯನವರ ಮುಖ ಗಂಟಾಯಿತು. "ಈಗ ಬಂದಿದ್ದೇನು? ಇಂಥ ಮಗನಿಗೆ ಹೆಣ್ಣು ಕೇಳೋಕಾ?"

"ಇವ್ನಿಗಾ? ಅಯ್ಯೋ ಬುಡಿ ಸ್ವಾಮಿ! ಇವ್ನು ಈ ಮಗೀಗೆ ಲಾಯಕ್ಕಲ್ಲ, ನಾನೇ ಹೇಳ್ತೀನಿ," ಎಂದಳು ಪಟಾಲಮ್ಮ. "ನಾನು ನಂಗೋಸ್ಕರ ಬಂದೆ. ನನ್ ಹೊಟ್ಟೆ ಉರೀಬಾರ್ದು ಅಂತ, ದಿನಾ ನಿನ್ ಸುದ್ದಿ ಮಾತಾಡ್ತಾನೆ ಅಂದ್ಳಲ್ಲ... ಹೆತ್ತೋನು ನನ್ನ ಸಾಯಿಸ್ದ, ಯಾರೋ ಹುಡುಗಿ ಬದುಕಿಸಿದ್ಳು. ಇವ್ಳು ನಂಗೆ ಮಗಳಾಗ್ಬೇಕು. ಸೊಸೆ ಆಗಾಕೆ ಇಷ್ಟ ಇಲ್ದಿದ್ರೆ ಬ್ಯಾಡ, ಹಂಗೇ ಮಗಳಾಗ್ಲಿ."

ತುಂಗಾಳ ಕಟ್ಟೆ ಒಡೆಯಿತು. ಬಂದು ಆ ಹೆಂಗಸಿನ ತೊಡೆಯ ಮೇಲೆ ಮುಖವಿಟ್ಟಳು. ಸೋಪು ಹಾಕಿ ಉಜ್ಜಿದ್ದರೂ ಸೀರೆಯಲ್ಲಿ ಕೊಟ್ಟಿಗೆಯ ವಾಸನೆ ಇದ್ದೇ ಇತ್ತು. ಆದರೂ ಅವಳು ತಲೆ ಎತ್ತಲಿಲ್ಲ. ಕರಿಗಟ್ಟಿದ ಒರಟು ಕೈ ಅವಳ ಕೂದಲು ಸವರುತ್ತಿತ್ತು.

"ಅಪ್ಪಾ..." ಅಲ್ಲಿಂದಲೇ ಅವಳೆಂದಳು. "ನಾಳೆ ಬರೋರಿಗೆ ಬರಬೇಡಿ ಅಂತ ಹೇಳಿಕಳಿಸಿ."

ಚಿಕ್ಕಹನುಮಯ್ಯ ಮಗಳನ್ನೇ ನೋಡಿದರು. ಅಮ್ಮ ಹೋದಮೇಲೆ ಅವಳು ಹೀಗೆ ಯಾರ ಮಡಿಲಲ್ಲೂ ಮಲಗಿದ್ದನ್ನು ಅವರು ಕಂಡಿರಲಿಲ್ಲ. ಗೊಣಗುತ್ತಲೇ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಮುನಿರಾಜು ಇನ್ನೂ ಹೊಸಿಲಾಚೆಯೇ ನಿಂತಿದ್ದ. ತುಂಗಾ ಕಣ್ಣೊರೆಸಿಕೊಂಡು ಎದ್ದು ಹೋದಳು.

"ನಿಮ್ಮ ಮೇಲಿನ ಅಸಹ್ಯ ಇನ್ನೂ ಹೋಗಿಲ್ಲ ನನಗೆ."

"ಗೊತ್ತು."

"ನಿಮ್ಮೂರಿಗೆ ಬಂದ್ರೆ ಮೂಗು ಮುಚ್ಕೊಂಡೇ ಓಡಾಡ್ತೀನಿ. ಆ ಹುಲ್ಲಿನ ಕರು ಕಣ್ಣಿಗೆ ಬೀಳಕೂಡದು."

"ಬೀಳಲ್ಲ."

"ಇನ್ನೊಂದು ಸಲ ಸುಳ್ಳು ಹೇಳಿದ್ರೆ..."

"ಹೇಳಲ್ಲ, ತುಂಗಾ." ಅವನ ದನಿ ಒಡೆಯಿತು. "ನೀವಿಲ್ದೆ ಆಗಲ್ಲ ನನಗೆ. ಇದು ನಿಜ."

ಅವಳಿಗೆ ಅವನ ಮೇಲೆ ಸಿಟ್ಟು ಬೆಟ್ಟದಷ್ಟಿತ್ತು, ಪ್ರೀತಿಯೂ ಇತ್ತು.

"ನನಗೂ ಆಗಲ್ಲ, ಏನ್ಮಾಡ್ಲಿ!" ಎಂದು ಬಿಕ್ಕಿದಳು. "ಬನ್ನಿ ಒಳಗೆ. ಅವ್ವ ಒಬ್ರೇ ಕೂತಿದಾರೆ."