ಉಲ್ಟಾ ಸುತ್ತಿದ ಕಾಯಿಲ್

"ಅಯ್ಯೋ! ಎತ್ರೀ ಇದನ್ನ ನನ್ನ ಟೇಬಲ್ ಮೇಲಿಂದ!"

ವಾಸಂತಿ ಕೂಗಿದ ರಭಸಕ್ಕೆ, ಪೀಣ್ಯದ ಆ ಕಾಯಿಲ್ ಸುತ್ತುವ ಶೆಡ್ಡಿನಲ್ಲಿ ಊಟದ ಡಬ್ಬಿ ಬಿಚ್ಚುತ್ತಿದ್ದವರೆಲ್ಲ ತಿರುಗಿ ನೋಡಿದರು.

ಎದುರಿಗೆ ನಿಂತಿದ್ದ ಯುವಕ ಗೋಣಿಚೀಲದಿಂದ ತೆಗೆದು ಮೇಜಿನ ಮೇಲೆ ಮಲಗಿಸಿದ್ದು ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರ್. ಬಣ್ಣ ಅಲ್ಲಲ್ಲಿ ಚಕ್ಕೆ ಎದ್ದಿತ್ತು. ಕಂಪನಿಯ ಹೆಸರಿರಬೇಕಾದ ಜಾಗದಲ್ಲಿ ಎರಡು ಸ್ಕ್ರೂ ತೂತು ಮಾತ್ರ. ಹೊಟ್ಟೆಯ ಮೇಲೆ ಸಾಲಾಗಿ ಆರು ಸ್ವಿಚ್!

"ಇದೇನ್ರೀ, ಗಿಟಾರೋ ಸ್ವಿಚ್ ಬೋರ್ಡೋ?"

"ಜಪಾನ್ ಗಿಟಾರ್ ಮೇಡಂ. ಆಸ್ಟ್ರೇಲಿಯಾಕ್ಕೆ ಹೊರಟಿದ್ದ ಒಬ್ಬರು ಮನೆ ಸಾಮಾನಿನ ಜೊತೆ ಮಾರಿಬಿಟ್ರು. ಅಗ್ಗದ ಮಾಲೇ... ಇದ್ರಲ್ಲಿ ಮೂರು ಸ್ವಿಚ್ ಏನ್ ಮಾಡುತ್ತೆ ಅಂತ ನನಗೂ ಇನ್ನೂ ಗೊತ್ತಾಗಿಲ್ಲ!"

ಹೇಳಿ ಅವನೇ ನಕ್ಕ. ವಾಸಂತಿಯ ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಇದೇನು, ನನಗೆ ಸಿಟ್ಟು ಬಂದರೆ ಇಡೀ ಶೆಡ್ಡೇ ಹೆದರುತ್ತದೆ, ಇವನ ಒಂದು ನಗುವಿಗೆ ಮುಗಿಯಿತೇ?

ಅವನ ಹೆಸರು ರಾಮಪ್ರಸಾದ. ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಲ್ಲಿ ಲೇತ್ ನಡೆಸುವ ಟರ್ನರ್. ಗಿಟಾರಿನ ತಂತಿಗಳ ಕೆಳಗೆ ಎರಡು ಪಿಕಪ್ ಇದ್ದವು. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವುದು ಅವುಗಳ ಕೆಲಸ. ಅದರಲ್ಲಿ ಒಂದು ಸತ್ತುಹೋಗಿತ್ತು.

"ಒಳಗಿನ ಕಾಯಿಲ್ ಕಟ್ಟಾಗಿದೆ ಮೇಡಂ. ಕೂದಲಿಗಿಂತ ಸಣ್ಣ ತಂತಿ ಸುತ್ತೋರು ಈ ಏರಿಯಾಗೆಲ್ಲ ನೀವೊಬ್ರೇ ಅಂದ್ರು. ರಾಜ್ಯೋತ್ಸವಕ್ಕೆ ನಮ್ಮ ಫ್ಯಾಕ್ಟರಿ ಆರ್ಕೆಸ್ಟ್ರಾ ಇದೆ. ಅಷ್ಟರಲ್ಲಿ ಇದು ರೆಡಿಯಾಗದಿದ್ರೆ ಆರ್ಕೆಸ್ಟ್ರಾ ನಡೆಸೋ ವೆಂಕಟಸುಬ್ಬಯ್ಯನೋರು ನನ್ನ ಬಿಟ್ಟು ಸಿಟಿಯಿಂದ ಬೇರೆಯವರನ್ನ ಕರೆಸ್ತಾರೆ. ಆರು ವರ್ಷದಿಂದ ಈ ಒಂದು ಚಾನ್ಸಿಗೆ ಕಾದಿದೀನಿ..."

ಅವನ ದನಿ ಸಣ್ಣದಾಯಿತು. ವಾಸಂತಿ ಗಿಟಾರನ್ನು ತನ್ನತ್ತ ಎಳೆದುಕೊಂಡಳು.

ಅದು ಒಂದು ಮಧ್ಯಾಹ್ನದ ಕೆಲಸ. ವಾಸಂತಿ ಒಂದು ವಾರ ತೆಗೆದುಕೊಂಡಳು! ದಿನವೂ ಊಟದ ಹೊತ್ತಿಗೆ ಅವನು ಹುರಿದ ಕಡಲೆಕಾಯಿ ಪೊಟ್ಟಣ ಹಿಡಿದು ಬರುತ್ತಿದ್ದ. ದಿನವೂ ಅವಳು, "ಇನ್ನೂ ಸ್ವಲ್ಪ ಇದೆ ಕಣ್ರೀ" ಎನ್ನುತ್ತಿದ್ದಳು.

"ಒಂದು ಕಾಯಿಲ್‌ಗೆ ಇಷ್ಟು ದಿನ ಯಾಕವ್ವಾ?" ಪಕ್ಕದ ಮೇಜಿನ ಪಿಳ್ಳಮ್ಮ ಕಣ್ಣು ಮಿಟುಕಿಸಿದಳು. "ನಿನ್ ಕೈ ಇಂಗೆ ನಿಧಾನ ಆಗಿದ್ದು ನಾ ಕಂಡೇ ಇಲ್ಲ!"

"ಸುಮ್ನಿರಕ್ಕಾ!" ಎಂದಳು ವಾಸಂತಿ. ಕೆನ್ನೆ ಮಾತ್ರ ಸುಮ್ಮನಿರದೆ ಕೆಂಪಾಯಿತು.

ಕೊನೆಗೂ ಗಿಟಾರ್ ರೆಡಿಯಾಗಿ ಅವನ ಕೈ ಸೇರಿತು. ಶನಿವಾರ ಫ್ಯಾಕ್ಟರಿ ಕಾಲೊನಿಯ ಹಾಲಿನಲ್ಲಿ ರಿಹರ್ಸಲ್. ಅವನು ಕರೆದಿದ್ದ. ಪಿಳ್ಳಮ್ಮನನ್ನು ಎಳೆದುಕೊಂಡು ಹೋದ ವಾಸಂತಿ ಬಾಗಿಲ ಬಳಿಯೇ ನಿಂತಳು.

ರಾಮಪ್ರಸಾದ ಮೊದಲು ಹಳೆಯ ಪಿಕಪ್ಪಿನ ಸ್ವಿಚ್ ಒತ್ತಿ ನುಡಿಸಿದ. ಚೆನ್ನಾಗಿತ್ತು. ಅವಳು ಸುತ್ತಿದ್ದರ ಸ್ವಿಚ್ ಒತ್ತಿದ. ಆಹಾ, ಇನ್ನೂ ಚೆನ್ನ! ಅವಳ ಎದೆಯುಬ್ಬಿತು. ಆಮೇಲೆ ಎರಡನ್ನೂ ಒಟ್ಟಿಗೆ ಒತ್ತಿದ ನೋಡಿ...

ನೆಗಡಿಯಾದವನು ಮೂಗಿನಲ್ಲಿ ಹಾಡಿದಂಥ ಸ್ವರ!

ವೆಂಕಟಸುಬ್ಬಯ್ಯ ಹಾರ್ಮೋನಿಯಂ ಮೇಲೆ ಬಿದ್ದು ಬಿದ್ದು ನಕ್ಕರು. ಹಾಲಿನಲ್ಲಿದ್ದವರೆಲ್ಲ ನಕ್ಕರು.

ವಾಸಂತಿಗೆ ಆ ಕ್ಷಣವೇ ತಪ್ಪು ತಿಳಿಯಿತು. ಅವರ ಶೆಡ್ಡಿನಲ್ಲಿ ಯಾವ ಕಾಯಿಲ್ ಆದರೂ ಬಲಕ್ಕೇ ಸುತ್ತುವುದು ರೂಢಿ. ಜಪಾನಿನವರು ಎಡಕ್ಕೆ ಸುತ್ತಿದ್ದರು. ಹಳೆಯ ತಂತಿ ಬಿಚ್ಚುವಾಗ ಸುತ್ತು ಎಣಿಸಿದ್ದಳೇ ಹೊರತು ದಿಕ್ಕು ನೋಡಿರಲಿಲ್ಲ. ಕೈ ತನ್ನ ಅಭ್ಯಾಸದಂತೆ ನಡೆದಿತ್ತು. ಈಗ ಎರಡೂ ಕಾಯಿಲ್‌ಗಳು ಜಗಳವಾಡಿಕೊಂಡು ಅರ್ಧ ಸ್ವರವನ್ನು ನುಂಗುತ್ತಿದ್ದವು.

ಆರು ವರ್ಷದ ಆಸೆಯನ್ನು ನನ್ನ ಕೈಯಾರೆ ಹಾಳು ಮಾಡಿದೆನಲ್ಲ...! ಕಣ್ಣು ತುಂಬಿ ಬಂತು. ಯಾರಿಗೂ ಹೇಳದೆ ಹೊರಟುಬಿಟ್ಟಳು.

ಸೋಮವಾರ ಅವನು ಬಂದ. ವಾಸಂತಿ ಸ್ಟೋರ್ ರೂಮಿನಲ್ಲಿ ಅಡಗಿದಳು. ಮಂಗಳವಾರವೂ ಬಂದ, ಬುಧವಾರವೂ. ಗುರುವಾರ ಪಿಳ್ಳಮ್ಮನ ತಾಳ್ಮೆ ಮುಗಿಯಿತು.

"ಇಲ್ಲೇ ಅವ್ಳೆ ಕಣಪ್ಪಾ, ಸ್ಟೋರ್‌ನಾಗೆ!"

ಬಾಗಿಲು ತೆರೆದು ಅವನು ಒಳಗೆ ಬಂದಾಗ ವಾಸಂತಿ ತಲೆ ಎತ್ತಲಿಲ್ಲ.

"ಕೊಡಿ ಗಿಟಾರ್‌ನ. ಉಲ್ಟಾ ಸುತ್ತಿಬಿಟ್ಟಿದೀನಿ. ಇವತ್ತೇ ಬಿಚ್ಚಿ ಸರಿ ಮಾಡ್ತೀನಿ."

"ಕೊಡಲ್ಲ."

"ನನ್ನ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಅಯ್ಯೋ ವಾಸಂತಿಯವ್ರೇ! ನೀವು ಅರ್ಧಕ್ಕೇ ಹೊರಟು ಹೋಗ್ಬಿಟ್ರಿ. ಆಮೇಲೇನಾಯ್ತು ಗೊತ್ತಾ? ವೆಂಕಟಸುಬ್ಬಯ್ಯನೋರು ನಕ್ಕು ಮುಗಿಸಿ, 'ಇನ್ನೊಂದ್ಸಲ ನುಡಿಸೋ' ಅಂದ್ರು. ನನ್ನ ಕೈಲಿ ಮೂರು ಸಲ ನುಡಿಸಿದ್ರು. 'ತಮಾಷೆ ಹಾಡಿಗೆಲ್ಲ ಈ ಮೂಗಿನ ಸ್ವರಾನೇ ಬೇಕು, ಸಿಟಿಯವನು ಬೇಡ, ನೀನೇ ಕೂತ್ಕೋ' ಅಂದ್ರು!"

ವಾಸಂತಿ ತಲೆ ಎತ್ತಿದಳು. "ನಿಜವಾಗ್ಲೂ?"

"ನಿಮ್ಮಾಣೆ! ಎಂಥಾ ದುಬಾರಿ ಗಿಟಾರ್‌ಗೂ ಆ ಸ್ವರ ಇಲ್ಲ. ಅದನ್ನ ಸರಿ ಮಾಡೋಕೆ ನಾನು ಬಿಡಲ್ಲ."

ಅಳುವೂ ನಗುವೂ ಒಟ್ಟಿಗೇ ಬಂದು ಅವಳು ಸೆರಗು ಬಾಯಿಗೆ ಒತ್ತಿಕೊಳ್ಳಬೇಕಾಯಿತು.

"ಹಾಗಾದ್ರೆ ನಾಲ್ಕು ದಿನದಿಂದ ಯಾಕ್ರೀ ಬರ್ತಿದ್ರಿ?"

ಅಷ್ಟು ಹೊತ್ತು ಪಟಪಟ ಮಾತಾಡಿದವನು ತಡವರಿಸಿದ.

"ನಿಮ್ಮನ್ನ ನೋಡದೆ... ಕೆಲಸದಲ್ಲಿ ಮನಸ್ಸೇ ನಿಲ್ತಿಲ್ಲ. ನನಗೆ ನೀವಂದ್ರೆ ಇಷ್ಟ, ವಾಸಂತಿ. ತುಂಬಾ ಇಷ್ಟ."

ಹೊರಗೆ ಪಿಳ್ಳಮ್ಮ ಕೆಮ್ಮಿದಳು. ಅವಳಿಗೇನೂ ಕೆಮ್ಮು ಇರಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು.

"ಭಾನುವಾರ ಅಮ್ಮನ್ನ ಕರ್ಕೊಂಡು ಬಾಗಲಗುಂಟೆಗೆ, ನಿಮ್ಮನೆಗೆ ಬರ್ಲಾ?"

"ನಮ್ಮಪ್ಪ ಗಿಟಾರ್ ನುಡಿಸೋನಾ ಅಂತ ಮುಖ ಗಂಟು ಹಾಕ್ಕೋತಾರೆ."

"ಹಾಕ್ಕೊಳ್ಳಿ. ನೀವು?"

"ನಾನು ಕಾಫಿ ಮಾಡ್ತೀನಿ..." ವಾಸಂತಿ ಈಗ ಅವನ ಕಣ್ಣನ್ನೇ ನೋಡಿದಳು. "ಎಷ್ಟು ಸಕ್ಕರೆ ಅಂತ ಈಗ್ಲೇ ಹೇಳ್ಬಿಡಿ. ಎಲ್ಲರ ಮುಂದೆ ಕೇಳೋಕೆ ನಾಚಿಕೆ ಆಗುತ್ತೆ."

"ಮೂರು ಚಮಚ!"

"ಎರಡೇ ಹಾಕೋದು. ಇನ್ಮೇಲೆ ನಿಮ್ಮನ್ನ ನೋಡ್ಕೊಳ್ಳೋಳು ನಾನು ತಾನೇ?"